ಮೂರು ತಿಂಗಳಿಗೊಮ್ಮೆ ಒಸಡು ಕ್ಲೀನಿಂಗ್ ನಿಜವಾಗಿ ಬೇಕಾ?

ಡೊಂಬಿವಲಿಯಿಂದ ಪ್ರಶ್ನೆ:
ನನಗೆ 46. ಹಲ್ಲುಜ್ಜುವಾಗ ಎರಡು ವರ್ಷದಿಂದ ರಕ್ತ ಬರುತ್ತಿದೆ. ಬ್ರಷ್ ಬದಲಾಯಿಸಿದೆ, ಪೇಸ್ಟ್ ಬದಲಾಯಿಸಿದೆ, ಏನೂ ಆಗಲಿಲ್ಲ. ಹೋದ ತಿಂಗಳಿಂದ ಕೆಳಗಿನ ಮುಂದಿನ ಹಲ್ಲೊಂದು ಅಲ್ಲಾಡುತ್ತಿದೆ. ಡೆಂಟಿಸ್ಟ್ ನೋಡಿ, ನಾಲ್ಕು ಸಲ ಕೂರಿಸಿ ಡೀಪ್ ಕ್ಲೀನಿಂಗ್ ಮಾಡಬೇಕು, ಆಮೇಲೆ ಮೂರು ತಿಂಗಳಿಗೊಮ್ಮೆ ಬರುತ್ತಿರಬೇಕು ಎಂದರು. "ಕ್ಲೀನ್ ಮಾಡಿಸಿದರೆ ಇರುವ ಹಲ್ಲೂ ಸಡಿಲ ಆಗ್ತವೆ" ಎಂದು ಅತ್ತೆ. "ದುಡ್ಡು ಕೀಳುವ ದಾರಿ" ಎಂದು ಯಜಮಾನರು. ಮಾಡಿಸಿಕೊಂಡವರು ಹೇಳಿ, ಪ್ಲೀಸ್.

ಮಾಟುಂಗಾದಿಂದ:
ಅಕ್ಕ, ನಿಮ್ಮ ಅತ್ತೆ ಹೇಳಿದ್ದನ್ನೇ ನಾನೂ ನಂಬಿದ್ದೆ. ಮೊದಲ ಸಲ ಕ್ಲೀನ್ ಮಾಡಿಸಿದಾಗ ಹಲ್ಲಿನ ಸಂದಿಗಳು ಖಾಲಿ ಖಾಲಿ ಅನಿಸಿತು, ತಣ್ಣೀರು ಕುಡಿದರೆ ಜುಂ ಅನ್ನುತ್ತಿತ್ತು. ಹಾಳು ಮಾಡಿಬಿಟ್ಟರು ಎಂದುಕೊಂಡು ನಾಲ್ಕು ವರ್ಷ ಆ ಕಡೆ ತಲೆ ಹಾಕಲಿಲ್ಲ. ಸಂದಿಯಲ್ಲಿ ಇದ್ದದ್ದು ಕಲ್ಲಾಗಿ ಕಟ್ಟಿದ ಪಾಚಿ. ಬಾತಿದ್ದ ಒಸಡು ಇಳಿದಾಗ ಹಲ್ಲು ಉದ್ದ ಕಾಣುತ್ತದೆ, ಅಷ್ಟೇ. ಇದನ್ನು ನನಗೆ ಬಿಡಿಸಿ ಹೇಳುವಷ್ಟರಲ್ಲಿ ಎರಡು ದವಡೆ ಹಲ್ಲು ಹೋಗಿದ್ದವು. ಎರಡರಲ್ಲೂ ಒಂದು ಹುಳುಕು ಇರಲಿಲ್ಲ! ಹಿಡಿದುಕೊಳ್ಳುವ ಮೂಳೆಯೇ ಕರಗಿತ್ತು. ಹೋಟೆಲ್ ಇಟ್ಟುಕೊಂಡು ಚಕ್ಕುಲಿಯನ್ನು ಚಹಾದಲ್ಲಿ ಅದ್ದಿ ತಿನ್ನುತ್ತೇನೆ ಈಗ.

ಪುಣೆ, ಚಿಂಚವಡದಿಂದ:
ಒಂದೇ ಮಾತು ಕೇಳಿ ಬನ್ನಿ ಮೇಡಂ: "ನನ್ನ ಪಾಕೆಟ್ ಎಷ್ಟು ಎಂಎಂ?"

ಹಲ್ಲಿಗೂ ಒಸಡಿಗೂ ನಡುವೆ ಒಂದು ಸಣ್ಣ ಸಂದು ಇರುತ್ತದೆ. ಅದು ಆಳವಾದರೆ ಪಾಕೆಟ್ ಎನ್ನುತ್ತಾರೆ. ಗುರುತು ಹಾಕಿದ ತೆಳು ಕಡ್ಡಿ ಇಳಿಸಿ ಪ್ರತಿ ಹಲ್ಲಿಗೂ ಆರು ಕಡೆ ಅಳೆಯುತ್ತಾರೆ. 1ರಿಂದ 3 ಇದ್ದು ರಕ್ತ ಬರದಿದ್ದರೆ ಚಿಂತೆ ಇಲ್ಲ. 4 ಮುಟ್ಟಿದರೆ ಗಮನ ಬೇಕು. 5, 6 ಎಂದರೆ ಒಳಗೆ ನಮ್ಮ ಬ್ರಷ್ ಹೋಗುವುದೇ ಇಲ್ಲ. ಎಷ್ಟೇ ಉಜ್ಜಿದರೂ ಅಲ್ಲಿನ ಪಾಚಿ ಅಲ್ಲೇ. ಡೀಪ್ ಕ್ಲೀನಿಂಗ್‌ನಲ್ಲಿ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಬೇರಿನ ಮೇಲಿನದನ್ನು ಕೆರೆದು ತೆಗೆಯುತ್ತಾರೆ. ತೆಗೆದರೂ ಕೆಲವು ವಾರಗಳಲ್ಲಿ ಕ್ರಿಮಿಗಳು ಮತ್ತೆ ಗೂಡು ಕಟ್ಟುತ್ತವೆ. ಮೂರು ತಿಂಗಳ ಲೆಕ್ಕ ಬಂದದ್ದು ಅಲ್ಲಿಂದ.

ನನಗೆ ಶುಗರ್ ಇದೆ. ಶುಗರ್ ಏರಿದರೆ ಒಸಡು ಕೆಡುತ್ತದೆ, ಒಸಡು ಕೆಟ್ಟರೆ ಶುಗರ್ ಹತೋಟಿಗೆ ಬರುವುದು ಕಷ್ಟ. ನೀವೂ ಮೂರು ತಿಂಗಳ ಸರಾಸರಿ ತೋರಿಸುವ ಶುಗರ್ ಟೆಸ್ಟ್ ಒಮ್ಮೆ ಮಾಡಿಸಿ. ನನ್ನದು 6 ಎಂಎಂ ಇದ್ದದ್ದು ಈಗ ಹೆಚ್ಚಿನ ಕಡೆ 3, 4. ಎರಡು ವರ್ಷ ಮೂರು ತಿಂಗಳಿಗೊಮ್ಮೆ ಹೋದೆ, ಈಗ ನಾಲ್ಕಕ್ಕೊಮ್ಮೆ. ಡೀಪ್ ಕ್ಲೀನಿಂಗ್ ಪ್ರತಿ ಸಲ ಮಾಡುವುದಿಲ್ಲ. ಅಳೆದು ನೋಡಿ, ಮೇಲಿಂದ ಕ್ಲೀನ್ ಮಾಡಿ, ಜಾಸ್ತಿ ಆದ ಜಾಗ ಮಾತ್ರ ಆಳಕ್ಕೆ ಕೆರೆಯುತ್ತಾರೆ. ಖರ್ಚೂ ಅಷ್ಟೇ ಕಡಿಮೆ.

ಪುಣೆ, ಕೋಥರೂಡಿನಿಂದ:
ಯಜಮಾನರ ಅನುಮಾನ ಪೂರ್ತಿ ಸುಳ್ಳಲ್ಲ ರೀ. ನನಗೂ ಒಬ್ಬರು ಇದೇ ಪ್ಯಾಕೇಜ್ ಹೇಳಿದ್ದರು, ಅಳತೆಯನ್ನೇ ತೆಗೆಯದೆ! ಬೇರೆ ಕಡೆ ಒಸಡಿನ ಡಾಕ್ಟರಿಗೆ ತೋರಿಸಿದೆ. ಎಲ್ಲ 3ರೊಳಗೆ, ಮೂಳೆ ಗಟ್ಟಿ, ಬರೀ ಒಸಡು ಬಾತಿತ್ತು. ಒಂದು ಸಾಮಾನ್ಯ ಕ್ಲೀನಿಂಗ್‌ಗೆ ಇಳಿಯಿತು. ಈಗ ವರ್ಷಕ್ಕೊಮ್ಮೆ ಹೋಗುತ್ತೇನೆ. ಆದರೆ ನಿಮ್ಮ ಹಲ್ಲು ಅಲ್ಲಾಡುತ್ತಿದೆ, ಅದು ಬೇರೆ ವಿಷಯ. ಎಕ್ಸ್‌ರೇ ತೋರಿಸಿ ಎನ್ನಿ.

ಗೋವಾ, ವಾಸ್ಕೋದಿಂದ:
ರಕ್ತ ಬಂದದ್ದು ನಿಮ್ಮ ಪುಣ್ಯ ಅನ್ನಬೇಕು. ನಮ್ಮ ತಂದೆ ಬೀಡಿ ಸೇದುತ್ತಿದ್ದರು, ಒಂದು ಹನಿ ರಕ್ತ ಕಾಣಲಿಲ್ಲ. ಹೊಗೆಯಿಂದ ಒಸಡಿಗೆ ರಕ್ತ ಓಡುವುದೇ ಕಡಿಮೆ ಆಗುತ್ತದಂತೆ. ಬಾಂಬೋಳಿಯ ಡೆಂಟಲ್ ಕಾಲೇಜಿಗೆ ಕರೆದೊಯ್ಯುವಷ್ಟರಲ್ಲಿ ಮೇಲಿನ ನಾಲ್ಕು ತೆಗೆಯುವ ಹಾಗೆ ಆಗಿದ್ದವು. ಉಳಿದವು ಬೀಡಿ ಬಿಟ್ಟ ಮೇಲೆ ನಿಂತಿವೆ. ಊರಲ್ಲಿ ಅವ್ವ ಮಶೇರಿಯಲ್ಲಿ ಹಲ್ಲುಜ್ಜುತ್ತಾಳೆ, ಅದೂ ಸುಟ್ಟ ತಂಬಾಕೇ. ಅವಳಿಗೆ ಹೇಳಿ ಹೇಳಿ ಸಾಕಾಗಿದೆ.

ಮಾಟುಂಗಾದಿಂದ ಮತ್ತೆ:
ಖರ್ಚಿನದೇ ಚಿಂತೆಯಾದರೆ ಮುಂಬೈ ಸೆಂಟ್ರಲ್‌ನ ನಾಯರ್ ಡೆಂಟಲ್ ಕಾಲೇಜು ಇದೆ, ಅಕ್ಕ. ಪಾಲಿಕೆಯದು. ಬೆಳಗ್ಗೆ ಬೇಗ ಹೊರಡಿ, ಇಡೀ ದಿನ ಅದಕ್ಕೇ ಅಂದುಕೊಳ್ಳಿ.

ಡೊಂಬಿವಲಿಯಿಂದ, ಹತ್ತು ದಿನದ ನಂತರ:
ಅಳತೆ ಕೇಳಿದೆ. ಡಾಕ್ಟರ್ ಬೇಜಾರು ಮಾಡಿಕೊಳ್ಳಲಿಲ್ಲ, ಚಾರ್ಟನ್ನೇ ಕೊಟ್ಟರು. ಕೆಳಗಿನ ಮುಂದಿನ ಹಲ್ಲುಗಳಲ್ಲಿ 5, 6. ದವಡೆಯಲ್ಲಿ ಎರಡು ಕಡೆ 5. ಉಳಿದವು 3, 4. ಎಕ್ಸ್‌ರೇಯಲ್ಲಿ ಮೂಳೆ ಇಳಿದದ್ದನ್ನು ಯಜಮಾನರೇ ಬೆರಳಿಟ್ಟು ನೋಡಿದರು, ಈಗ ಮಾತಿಲ್ಲ. ಬಲಗಡೆ ಕೆಳಗಿನದು ಶನಿವಾರ ಮುಗಿಯಿತು. ನೋವು ಅಂದುಕೊಂಡಷ್ಟು ಇರಲಿಲ್ಲ, ತುಟಿ ಸಂಜೆವರೆಗೂ ಜೋಮು. ಸಂದಿಯಲ್ಲಿ ಹಾಕುವ ಪುಟ್ಟ ಬ್ರಷ್ ತಗೊಳ್ಳಿ ಎಂದಿದ್ದಾರೆ. ಯಾವ ಸೈಜು?

ಚಿಂಚವಡದಿಂದ:
ಸುಮ್ನೆ ಅಂಗಡಿಯಲ್ಲಿ ಕೇಳಿ ತರಬೇಡಿ. ಮುಂದಿನ ಸಲ ಅವರೇ ಹಾಕಿ ನೋಡಿ ಹೇಳಲಿ. ನನಗೆ ಮುಂದಿನ ಹಲ್ಲಿಗೆ ಒಂದು, ದವಡೆಗೆ ಇನ್ನೊಂದು ಸೈಜು ಬೇಕಾಯಿತು.