31 ಮಕ್ಕಳಲ್ಲಿ ಒಬ್ರಿಗೂ 8 ಸೆಂ.ಮೀ ಬರ್ಲಿಲ್ಲ, ಸ್ಕೇಲ್ ಹಿಡಿಯೋದು ಹೇಗೆ ಕಲಿಸೋದು?

ಐದನೇ ಕ್ಲಾಸ್ ಟೀಚರ್
ನಮಸ್ಕಾರ ಎಲ್ರಿಗೂ. ನಿನ್ನೆ ಮಕ್ಕಳಿಗೆ ವರ್ಕ್‌ಶೀಟ್ ಕೊಟ್ಟಿದ್ದೆ, ಅದರಲ್ಲೊಂದು ಆಯತ, 8 ಸೆಂ.ಮೀ ಉದ್ದ 5 ಸೆಂ.ಮೀ ಅಗಲ, ಬಾಹು ಅಳೆದು ಸುತ್ತಳತೆ ಬರೀರಿ ಅಂತ. 26 ಬರ್ಬೇಕು ತಾನೆ, ಒಬ್ರಿಗೂ ಬಂದಿಲ್ಲ. ಎರಡು ದಿನ ಬೋರ್ಡ್ ಮೇಲೆ ದೊಡ್ಡ ಮರದ ಸ್ಕೇಲ್ ಇಟ್ಟು ತೋರಿಸಿದ್ದೀನಿ, ತಲೆ ಅಲ್ಲಾಡಿಸಿದ್ರು ಎಲ್ರೂ, ಪೇಪರ್ ಕೈಗೆ ಬಂದ್ರೆ ಒಬ್ಬೊಬ್ರದು ಒಂದೊಂದು ನಂಬರ್. ಎಲ್ಲಾದಕ್ಕೂ ತಪ್ಪು ಹಾಕಿ ಹಾಕಿ ಕೆಂಪು ಪೆನ್ನೇ ಖಾಲಿ ಆಯ್ತು. ಏನ್ ಮಾಡ್ಲಿ?

ಹೈಸ್ಕೂಲ್ ಮೇಷ್ಟ್ರು
ಮೇಡಂ, ಪೇಪರ್ ಬಿಸಾಕಿಲ್ಲ ಅಲ್ವಾ? ತಪ್ಪು ಉತ್ತರಾನ ಗುಂಪು ಮಾಡಿ ಇಲ್ಲಿ ಹಾಕಿ. ಎಷ್ಟು ತಪ್ಪಿದೆ ಅನ್ನೋದ್ರಲ್ಲೇ ಯಾಕೆ ತಪ್ಪಿದೆ ಅಂತ ಗೊತ್ತಾಗತ್ತೆ.

ಐದನೇ ಕ್ಲಾಸ್ ಟೀಚರ್
ಕೂತು ಎಣಿಸ್ದೆ ಸರ್. 8 ಸೆಂ.ಮೀ ಬಾಹುಗೆ 8.8 ಅಂತ ಬರೆದೋರು 8 ಜನ, 9 ಅಂತ 3 ಜನ, 7.3 ಇಲ್ಲ 7.4 ಅಂತ 7 ಜನ, 7.7 / 7.8 ಅಂತ 11 ಜನ, ಬರೀ 3 ಅಂತ ಇಬ್ರು. 5 ಸೆಂ.ಮೀ ಬಾಹುಗೆ ಇದೇ ಕ್ರಮದಲ್ಲಿ 5.8 / 5.9, 6, 4.4 / 4.5, 4.8 / 4.9, ಕೊನೇ ಇಬ್ರದು 2.

ಹೈಸ್ಕೂಲ್ ಮೇಷ್ಟ್ರು
ಇಬ್ರದು ಸುಲಭ, ಸ್ಕೇಲ್ ತಿರುಗಿಸಿ ಇಂಚಿನ ಕಡೆ ಇಟ್ಟಿದ್ದಾರೆ. ಒಂದು ಇಂಚಿಗೆ 2.54 ಸೆಂ.ಮೀ, ಹಾಗಾಗಿ 8 ಹೋಗಿ 3 ಆಗಿದೆ.

8.8 ಬರೆದೋರು ಸೊನ್ನೆ ಬಿಟ್ಟು 1ರಿಂದ ಇಟ್ಟಿದ್ದಾರೆ, ಎಣಿಸೋದು ಒಂದರಿಂದ ತಾನೆ ಶುರು ಅಂತ ಅವರ ಲೆಕ್ಕ. 9 ಅಂದೋರು ಗೆರೆ ಎಣಿಸಿದ್ದಾರೆ, ಮನೆ ಎಣಿಸಿಲ್ಲ. ಇದಕ್ಕೆ ನಾನು ಚೌಕಾಬಾರ ಹೇಳ್ತೀನಿ: ಕಾಯಿ ಕೂತಿರೋ ಮನೇನ ಒಂದು ಅಂತ ಎಣಿಸ್ತೀರಾ, ಇಲ್ಲ ಮುಂದಿನ ಮನೆಗೆ ಹೋದ್ಮೇಲೆ ಒಂದಾ? ಎಲ್ರೂ ಕೂಗ್ತಾರೆ, ಮುಂದಿನ ಮನೇ ಸಾ ಅಂತ. ಹಾಗೇನೇ ಸೊನ್ನೆ ಅಂದ್ರೆ ಕಾಯಿ ಕೂತಿರೋ ಜಾಗ, ಇನ್ನೂ ನಡೆದೇ ಇಲ್ಲ.

7.3ರೋರು ಪ್ಲಾಸ್ಟಿಕ್ ತುದೀನೇ ಸೊನ್ನೆ ಅಂದ್ಕೊಂಡಿದ್ದಾರೆ. ಕಂಪಾಸ್ ಬಾಕ್ಸ್‌ನ ಚಿಕ್ಕ ಸ್ಕೇಲ್ ತಗೊಂಡು ನೋಡಿ, ತುದಿಗೂ ಸೊನ್ನೆ ಗೆರೆಗೂ ನಡುವೆ ನಾಲ್ಕೈದು ಮಿಲಿಮೀಟರ್ ಖಾಲಿ ಜಾಗ ಇರತ್ತೆ, ಅಷ್ಟು ಕಮ್ಮಿ ಬರತ್ತೆ. ಒಂದು ಕೇಳ್ತೀನಿ ಬೇಜಾರಾಗ್ಬೇಡಿ, ನಿಮ್ಮ ಬೋರ್ಡ್ ಸ್ಕೇಲ್‌ನಲ್ಲಿ ಸೊನ್ನೆ ಎಲ್ಲಿದೆ?

ಐದನೇ ಕ್ಲಾಸ್ ಟೀಚರ್
ಅಯ್ಯೋ. ತುದೀಲೇ ಇದೆ ಸರ್. ಅಂದ್ರೆ ನಾನೇ ಹೇಳ್ಕೊಟ್ಟಿದ್ದು. ಸರಿ, ಆ 7.7ರ 11 ಜನ? ಅವರಲ್ಲಿ ನನ್ನ ಕ್ಲಾಸಿನ ಜಾಣ ಮಕ್ಕಳೇ ಜಾಸ್ತಿ, ಇಟ್ಟಿದ್ದೂ ಸೊನ್ನೆಯಿಂದಾನೇ.

ಬಡಗಿ ಮಗ
ನಡುವೆ ಬಾಯಿ ಹಾಕ್ತೀನಿ, ಆ 11 ಜನ ಕರೆಕ್ಟಾಗಿ ಅಳೆದಿರೋ ಹಾಗಿದೆ. ಲೆಕ್ಕ ನೋಡಿ, ತುದಿಯಿಂದ ಇಟ್ರೆ ಉದ್ದ ಬಾಹುಗೂ ಗಿಡ್ಡ ಬಾಹುಗೂ ಒಂದೇ ಅಷ್ಟು ಕಮ್ಮಿ ಆಗ್ಬೇಕು, ಆದ್ರೆ ಇವರದು 8ಕ್ಕೆ ಎರಡೂವರೆ ಮಿಲಿಮೀಟರ್ ಆಸುಪಾಸು, 5ಕ್ಕೆ ಒಂದೂವರೆ, ಉದ್ದ ಆದಷ್ಟೂ ಜಾಸ್ತಿ ಕಮ್ಮಿ. ಚಿತ್ರಾನೇ ಕುಗ್ಗಿದ್ರೆ ಹೀಗಾಗತ್ತೆ. ಜೆರಾಕ್ಸ್ ಅಂಗಡೀಲಿ ಪ್ರಿಂಟ್ ತೆಗೆಸಿದ್ರಾ? ಅಲ್ಲಿ 'ಫಿಟ್ ಟು ಪೇಜ್' ಹಾಕಿದ್ರೆ ಹಾಳೆಯೊಳಗೆ ಕೂರಿಸೋಕೆ ಎಲ್ಲಾನೂ ಸ್ವಲ್ಪ ಚಿಕ್ಕದು ಮಾಡತ್ತೆ. ನೀವೇ ಒಂದ್ಸಲ ಆ ಹಾಳೆ ಅಳೆದು ನೋಡಿ.

ಐದನೇ ಕ್ಲಾಸ್ ಟೀಚರ್
ಅಳೆದೆ. 7.8ಕ್ಕೆ ಒಂದು ಕೂದಲೆಳೆ ಕಮ್ಮಿ. ನಾನು ಕಂಪ್ಯೂಟರ್‌ನಲ್ಲಿ 8 ಅಂತ ಟೈಪ್ ಮಾಡಿದ್ದೆ, ಅದನ್ನೇ ನಂಬ್ಕೊಂಡು ಕೂತಿದ್ದೆ, ಅಳೆಯೋ ಪಾಠದಲ್ಲಿ ನಾನೊಬ್ಬಳೇ ಅಳೆದಿರ್ಲಿಲ್ಲ ನೋಡಿ.

ಬಡಗಿ ಮಗ
ಎಲ್ರಿಗೂ ಆಗತ್ತೆ ಮೇಡಂ. ಮುಂದಿನ ಸಲ 'ಆಕ್ಚುಯಲ್ ಸೈಜ್' ಇಲ್ಲ 100% ಅಂತ ಹೇಳಿ, ಹಾಳೆ ಕೆಳಗೆ ಒಂದು 10 ಸೆಂ.ಮೀ ಗೆರೆ ಹಾಕಿಡಿ, ಮೊದಲ ಪ್ರತಿ ಕೈಗೆ ಬಂದ ತಕ್ಷಣ ಅದನ್ನ ಅಳೀರಿ, ಸರಿ ಇದ್ರೆ ಮಾತ್ರ ಉಳಿದಿದ್ದು ತೆಗೆಸಿ. ಅಂಗಡೀಲಿ ಸ್ಕೇಲ್ ಇಲ್ದಿದ್ರೆ ಎಟಿಎಂ ಕಾರ್ಡ್ ಇಟ್ಟು ನೋಡ್ಬಹುದು, ಅದರ ಉದ್ದ 85.6 ಮಿ.ಮೀ, ಯಾವ ಬ್ಯಾಂಕಿಂದಾದ್ರೂ ಅಷ್ಟೇ.

ಇನ್ನೊಂದು, 1ರಿಂದ ಇಟ್ಟೋರನ್ನ ಬೈಬೇಡಿ, ಅವರ ಸ್ಕೇಲ್ ತುದಿ ಸವೆದಿದೆಯಾ ನೋಡಿ. ನಮ್ಮಪ್ಪ ನಾಜೂಕಿನ ಕೆಲಸ ಇದ್ರೆ ಟೇಪಿನ ತುದಿ ನಂಬ್ತಿರ್ಲಿಲ್ಲ, 10ರ ಗೆರೇನ ಮರದ ಅಂಚಿಗೆ ಹಿಡಿದು ಆಮೇಲೆ 10 ಕಳೀತಿದ್ರು. ಕಳೆಯೋದು ಮರೆತ ದಿನ ಬಾಗಿಲೇ ಗಿಡ್ಡ ಆಗ್ತಿತ್ತು, ಅದು ಬೇರೆ ಕತೆ.

ಹೈಸ್ಕೂಲ್ ಮೇಷ್ಟ್ರು
ಹಳೇ ಎನ್‌ಸಿಇಆರ್‌ಟಿ ಆರನೇ ಕ್ಲಾಸ್ ವಿಜ್ಞಾನ ಪುಸ್ತಕದಲ್ಲೂ ಅದೇ ಇತ್ತು, ತುದಿ ಮುರಿದಿದ್ರೆ ಬೇರೆ ಗೆರೆಯಿಂದ ಶುರು ಮಾಡಿ ಕಳೀರಿ ಅಂತ. ಕಣ್ಣಿನ ವಿಷಯಾನೂ ಹೇಳ್ಬಿಡಿ, ಓದೋ ಗೆರೆಯ ನೇರ ಮೇಲಿಂದ ನೋಡ್ಬೇಕು, ಬೆಂಚಿನ ಮೂಲೇಲಿ ಕೂತು ಓರೆಯಾಗಿ ನೋಡಿದ್ರೆ ಒಂದೆರಡು ಮಿಲಿಮೀಟರ್ ಆಚೀಚೆ ಆಗತ್ತೆ, ದಪ್ಪ ಸ್ಕೇಲ್ ಆದ್ರೆ ಇನ್ನೂ ಜಾಸ್ತಿ. ದಪ್ಪದ್ದಿದ್ರೆ ಅಂಚಿನ ಮೇಲೆ ನಿಲ್ಲಿಸ್ಲಿ, ಗೆರೆ ಕಾಗದಕ್ಕೇ ತಾಗತ್ತೆ.

ಐದನೇ ಕ್ಲಾಸ್ ಟೀಚರ್
ಅಪ್‌ಡೇಟ್. 100%ನಲ್ಲಿ ಹೊಸ ಹಾಳೆ ತೆಗೆಸಿ ಇವತ್ತು ಮತ್ತೆ ಮಾಡಿಸ್ದೆ. ಬೋರ್ಡ್ ಸ್ಕೇಲ್ ಮುಟ್ಲಿಲ್ಲ, ಅವರವರ ಸ್ಕೇಲಲ್ಲೇ ಸೊನ್ನೆ ಗೆರೆ ಹುಡುಕಿ ಕೆಂಪು ಸ್ಕೆಚ್ ಪೆನ್ನಲ್ಲಿ ಚುಕ್ಕೆ ಇಡಿಸ್ದೆ. 1ರಿಂದ ಇಟ್ಟ 8 ಜನರಲ್ಲಿ ಮೂವರ ಸ್ಕೇಲಲ್ಲಿ ಸೊನ್ನೆ ಅಳಿಸೇ ಹೋಗಿತ್ತು, ಒಬ್ಬನದ್ದಂತೂ ತುದೀನೇ ಇಲ್ಲ, ಅಗಿದುಬಿಟ್ಟಿದ್ದಾನೆ. ಅವರಿಗೆ 1ರ ಮೇಲೆ ಚುಕ್ಕೆ, ಓದಿದ್ರಲ್ಲಿ ಒಂದು ಕಳೀರಿ ಅಂದೆ. 26 ಜನರದು ಸರಿ ಬಂತು, ಉಳಿದೋರದು ಒಂದೆರಡು ಮಿಲಿಮೀಟರ್ ಆಚೀಚೆ ಅಷ್ಟೇ, ನಾಳೆ ಪಕ್ಕ ಕೂತು ಅವರ ಕಣ್ಣು ನೋಡ್ತೀನಿ.

ಹಳೇ ಹಾಳೇಲಿ ಆ 11 ಜನರ ತಪ್ಪು ಗುರುತು ಹೊಡೆದು ಸರಿ ಹಾಕ್ತಾ ಇದ್ದೀನಿ ಈಗ. ಒಬ್ಬಳು ಆವತ್ತೇ ಬಂದು 'ಮಿಸ್ ನಾನು ಮೂರು ಸಲ ಅಳೆದೆ, 7.8ಏ ಬರೋದು' ಅಂದಿದ್ಳು, ಹೋಗಿ ಕೂತ್ಕೋ ಅಂತ ಕಳಿಸಿದ್ದೆ.