ಸಹಾಯ ಬೇಕು: ‘ಕರ್ಕಶ’ ಎಂಬ ಪದದ ಮೂಲದ ಕುರಿತು

ಗುಂಪಿನ ಹಿರಿಯರಿಗೂ ಭಾಷಾಸಕ್ತರಿಗೂ ನಮಸ್ಕಾರ. ಉಡುಪಿಯ ನಮ್ಮ ಮನೆಯ ಪಕ್ಕದಲ್ಲಿ ಗೇಟು, ಗ್ರಿಲ್ ಮಾಡುವ ವರ್ಕ್‌ಶಾಪೊಂದಿದ್ದು, ಅಲ್ಲಿ ಕಬ್ಬಿಣದ ಸರಳು ಕತ್ತರಿಸುವಾಗ ಏಳುವ ಸದ್ದನ್ನು ನಾವೆಲ್ಲ ‘ಕರ್ಕಶ’ ಎನ್ನುತ್ತೇವೆ. ಆದರೆ ಸಂಸ್ಕೃತದಲ್ಲಿ ಈ ಪದಕ್ಕೆ ಒರಟು, ಗಡುಸು ಎಂಬ ಅರ್ಥಗಳಿದ್ದು, ಅವು ಕಿವಿಗಿಂತ ಹೆಚ್ಚಾಗಿ ಕೈಗೆ ತಿಳಿಯುವ ಗುಣಗಳು; ‘ತರ್ಕಕರ್ಕಶ’ ಎಂಬಲ್ಲಿ ಬುದ್ಧಿಯ ಬಿಗುವಿಗೂ ಅದೇ ಪದ ಸಲ್ಲುತ್ತದೆ. ಮುಟ್ಟಿ ತಿಳಿಯುವ ಒರಟುತನವು ಹೀಗೆ ದನಿಯ ಗುಣವಾಗಿ ನೆಲೆನಿಂತದ್ದು ನನಗೆ ಬಹಳ ಸೋಜಿಗವೆನಿಸುತ್ತದೆ. ನಮ್ಮ ‘ಕರಕರ’ ಎಂಬ ಅನುಕರಣ ಪದದ ಪ್ರಭಾವ ಇದರಲ್ಲಿ ಇರಬಹುದೇ? ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟೆಲ್ ನಿಘಂಟಿನಿಂದ ಹುಡುಕಾಟ ಆರಂಭಿಸಿದ್ದೇನೆ. ಹಳಗನ್ನಡ ಕಾವ್ಯಗಳಲ್ಲಿ ಲೋಹದ ಸದ್ದಿಗೆ ಈ ಪದವನ್ನು ಬಳಸಿದ ಪದ್ಯ ಗೊತ್ತಿರುವವರು, ಅಥವಾ ಇದೇ ಸದ್ದಿಗೆ ತುಳುವಿನ ಮನೆಮಾತಿನಲ್ಲಿರುವ ಪದವನ್ನು ಬಲ್ಲವರು, ದಯವಿಟ್ಟು ಬಳಕೆಯ ಸಂದರ್ಭದೊಡನೆ ತಿಳಿಸಬೇಕಾಗಿ ವಿನಂತಿ.