"ಮೂರು ವರ್ಷದಿಂದ" ಅನ್ನೋಕೆ ಫ್ರಮ್ಮಾ, ಸಿನ್ಸಾ, ಫಾರಾ?

ರಾಗಿಮುದ್ದೆ_82:
ನಾಚಿಕೆ ಬಿಟ್ಟು ಕೇಳ್ತಿದೀನಿ, ನಗ್ಬೇಡಿ. ಗುರುವಾರ ಇಂಟರ್‌ವ್ಯೂನಲ್ಲಿ "ಐ ಆಮ್ ವರ್ಕಿಂಗ್ ಫ್ರಮ್ ಹೋಮ್ ಫ್ರಮ್ ತ್ರೀ ಇಯರ್ಸ್" ಅಂದೆ, ಆ ಕಡೆ ಇದ್ದ ಮೇಡಂ "ಫಾರ್ ತ್ರೀ ಇಯರ್ಸ್?" ಅಂತ ತಿರುಗಿ ಕೇಳಿದ್ರು, ನಾನು ಗಾಬರೀಲಿ "ಯೆಸ್, ಸಿನ್ಸ್ ತ್ರೀ ಇಯರ್ಸ್" ಅಂದ್ಬಿಟ್ಟೆ, ಅವ್ರು ಏನೂ ಅನ್ಲಿಲ್ಲ ಆದ್ರೆ ಪೆನ್ನಲ್ಲಿ ಏನೋ ಗೀಚ್ಕೊಂಡ್ರು. ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ ನಾನು. ಎಲ್ಲಿ ಯಾವ್ದು ಹಾಕೋದು ಸ್ವಲ್ಪ ತಲೆಗೆ ಹೋಗೋ ಥರ ಹೇಳ್ರಪ್ಪ.

ಸೀಮೆಸುಣ್ಣ:
ತಪ್ಪು ನಿಮ್ದಲ್ಲ, ನಮ್ಮ "ಇಂದ"ದ್ದು. ಹಾಸನದಿಂದ ಬಂದೆ, ಸೋಮವಾರದಿಂದ ಜ್ವರ, ಮೂರು ದಿನದಿಂದ ಜ್ವರ, ಚಾಕುವಿಂದ ಕುಯ್ದೆ, ಎಲ್ಲದಕ್ಕೂ ಅದೊಂದೇ. ಇಂಗ್ಲಿಷಲ್ಲಿ ಇವಕ್ಕೆ ಕ್ರಮವಾಗಿ ಫ್ರಮ್, ಸಿನ್ಸ್, ಫಾರ್, ವಿತ್. ನಾನು ಮಕ್ಕಳಿಗೆ ಹೇಳೋದು ಇಷ್ಟೇ, ಶುರುವಾಗಿದ್ದು ಯಾವಾಗ ಅಂತ ಕ್ಯಾಲೆಂಡರಲ್ಲೋ ಗಡಿಯಾರದಲ್ಲೋ ಬೆರಳಿಟ್ಟು ತೋರ್ಸೋಕಾದ್ರೆ ಸಿನ್ಸ್: 2021, ಯುಗಾದಿ, 9 ಗಂಟೆ. ಎಷ್ಟು ದಿನ, ಎಷ್ಟು ವರ್ಷ ಅಂತ ಎಣಿಸಿ ಹೇಳೋದಾದ್ರೆ ಫಾರ್. ಜೊತೆಗೆ "ಆಮ್ ವರ್ಕಿಂಗ್" ಅಲ್ಲ, "ಹ್ಯಾವ್ ಬೀನ್ ವರ್ಕಿಂಗ್". ಹಾಗಂತ "ಐ ವರ್ಕ್ಡ್ ದೇರ್ ಫಾರ್ ತ್ರೀ ಇಯರ್ಸ್" ಅನ್ಬೇಡಿ, ಕೆಲ್ಸ ಬಿಟ್ಟಾಯ್ತು ಅಂತ ಅರ್ಥ ಆಗುತ್ತೆ.

ಚಳಿಗೆ_ಚಿತ್ರಾನ್ನ:
ನಾನಿರೋದು ಜರ್ಮನಿಲಿ, ಇಲ್ಲಿನೋರೂ ನಮ್ ಥರನೇ! ಸಿನ್ಸ್, ಫಾರ್ ಎರಡಕ್ಕೂ ಅವ್ರಿಗೆ "ಝೈಟ್" ಅಂತ ಒಂದೇ ಪದ, ಅದಕ್ಕೆ ನನ್ ಪಕ್ಕ ಕೂರೋನು "ಸಿನ್ಸ್ ಟೂ ವೀಕ್ಸ್" ಅಂತಾನೇ ಮೇಲ್ ಬರೀತಾನೆ. ಅವನಿಗೇನೂ ನಾಚಿಕೆ ಇಲ್ಲ.

ಬಿಡ್ರಿ_ಅತ್ಲಾಗೆ:
ಅರ್ಥ ಆದ್ರೆ ಸಾಕಲ್ವಾ ಗುರೂ, ಹ್ಯಾವ್ ಬೀನು ಗೀನು ಎಲ್ಲಾ ಯಾರಿಗ್ ಬೇಕು.

ಸೀಮೆಸುಣ್ಣ:
ಅರ್ಥ ಆಗ್ದೇ ಇರೋದೇ ಪ್ರಾಬ್ಲಂ. ನಮ್ಮ ಭಾವಮೈದ ಸೋಮವಾರದಿಂದ ಮಲೇರಿಯಾ ಅಂತ ಮಲ್ಗಿದ್ದ, ಬುಧವಾರ ಆಫೀಸಿಗೆ "ಐ ಆಮ್ ಆನ್ ಲೀವ್ ಫ್ರಮ್ ಮಂಡೇ" ಅಂತ ಮೇಲ್ ಹಾಕ್ದ. ಓದಿದ ಮ್ಯಾನೇಜರ್ರು ಮುಂದಿನ ಸೋಮವಾರ ಅನ್ಕೊಂಡು, ಈ ವಾರ ಎಲ್ಲಪ್ಪಾ ನೀನು ಅಂತ ಫೋನ್ ಮಾಡಿ ಬೈದ್ರು. ಅಲ್ಲಿ ಬೇಕಿದ್ದಿದ್ದು "ಹ್ಯಾವ್ ಬೀನ್ ಆನ್ ಲೀವ್ ಸಿನ್ಸ್ ಮಂಡೇ".

ರಾಗಿಮುದ್ದೆ_82:
ಈಗ ಗೊತ್ತಾಯ್ತು ಸಾರ್. "ಐ ಹ್ಯಾವ್ ಬೀನ್ ವೇಟಿಂಗ್ ಫಾರ್ ದ ರಿಸಲ್ಟ್ ಸಿನ್ಸ್ ಥರ್ಸ್‌ಡೇ", ಸರಿ ಇದ್ಯಾ?

ಸೀಮೆಸುಣ್ಣ:
ಪಕ್ಕಾ. ಆದ್ರೆ ಅಲ್ಲಿರೋ ಫಾರ್ ಈ ಲೆಕ್ಕದ್ದಲ್ಲ, ವೇಟ್ ಜೊತೆ ಬರೋದು. ಅದನ್ನ ನೋಡಿ ಮತ್ತೆ ಕನ್‌ಫ್ಯೂಸ್ ಮಾಡ್ಕೋಬೇಡಿ.